ಬಹುಜನಹಿತವೂ ಒಬ್ಬನ ಕಿವಿಯೂ

'ಬಹುಜನರ ಹಿತಕ್ಕಾಗಿ' ಎಂಬ ಮಾತು ಕೇಳಿದೊಡನೆ ತಲೆಬಾಗುವುದು ನಮ್ಮೆಲ್ಲರ ಅಭ್ಯಾಸ. ಅಣೆಕಟ್ಟಿನ ನೀರಿನಲ್ಲಿ ಒಂದು ಊರು ಮುಳುಗಿದರೆ, ರಸ್ತೆ ಅಗಲವಾಗುವಾಗ ಒಂದು ಅಂಗಡಿ ಬಿದ್ದರೆ, ಈ ಮಾತನ್ನೇ ಸಮಾಧಾನವಾಗಿ ಹೇಳುತ್ತೇವೆ. ಸಮಾಧಾನವೇನೋ ಸರಿ, ಅದು ಯಾರಿಗೆ ಎಂಬುದು ಪ್ರಶ್ನೆ. ಹಿತ ಪಡೆದ ಬಹುಜನರಿಗೆ ಈ ಮಾತು ಬೇಕಾಗಿಯೇ ಇಲ್ಲ, ಅವರಿಗೆ ಹಿತವೇ ದೊರೆತಿದೆ. ಕಳೆದುಕೊಂಡ ಒಬ್ಬನಿಗೆ ಈ ಮಾತು ಸಾಲದು. ಹಾಗಾದರೆ ಆ ಒಬ್ಬನಿಗೆ ನಾವು ಏನು ಹೇಳಬೇಕು? ಹೇಳುವುದರ ಜೊತೆಗೆ ಏನನ್ನು ಮಾಡಬೇಕು?

ಅಣೆಕಟ್ಟಿನ ಮೇಲಿಟ್ಟು ಈ ಪ್ರಶ್ನೆಯನ್ನು ವಿಚಾರಮಾಡಹೊರಟರೆ ರಾಜಕೀಯ ಬರುತ್ತದೆ, ಅದರ ಹಿಂದೆಯೇ ಕೋಪವೂ ಬರುತ್ತದೆ. ಆದ್ದರಿಂದ ಯಾರಿಗೂ ಯಾರ ಮೇಲೂ ದ್ವೇಷವಿಲ್ಲದ ಒಂದು ಉದಾಹರಣೆಯನ್ನು ತೆಗೆದುಕೊಳ್ಳುತ್ತೇನೆ. ಅದು ಒಂದು ಮದ್ದಿನ ಕಥೆ. ನಾನು ವೈದ್ಯನಲ್ಲ, ಆದರೆ ಮದ್ದು ಕುಡಿಯುವವರಿಗೂ ಮದ್ದಿನ ಧರ್ಮಾಧರ್ಮಗಳನ್ನು ಕುರಿತು ಯೋಚಿಸುವ ಅಧಿಕಾರ ಉಂಟೆಂದು ನಂಬಿದ್ದೇನೆ.

ಸ್ಟ್ರೆಪ್ಟೊಮೈಸಿನ್ ಎಂಬ ಹೆಸರನ್ನು ನಮ್ಮ ಹಿರಿಯರು ಬಲ್ಲರು. ಕ್ಷಯವೆಂದರೆ ಸಾವೇ ಎಂದು ತಿಳಿದಿದ್ದ ಕಾಲದಲ್ಲಿ ಬಂದ ಮದ್ದು ಅದು. ೧೯೪೩ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾನಿಲಯದಲ್ಲಿ, ಸೆಲ್ಮನ್ ವಾಕ್ಸ್‌ಮನ್ನರ ಪ್ರಯೋಗಾಲಯದಲ್ಲಿದ್ದ ಆಲ್ಬರ್ಟ್ ಷಾಟ್ಸ್ ಎಂಬ ತರುಣ ಸಂಶೋಧಕರು, ಮಣ್ಣಿನಲ್ಲಿ ಬದುಕುವ ಒಂದು ಜೀವಾಣುವಿನಿಂದ ಅದನ್ನು ಬೇರ್ಪಡಿಸಿದರು. ೧೯೫೨ರಲ್ಲಿ ನೊಬೆಲ್ ಬಹುಮಾನ ವಾಕ್ಸ್‌ಮನ್ನರೊಬ್ಬರಿಗೇ ಬಂದದ್ದು ಬೇರೆಯೇ ಒಂದು ನ್ಯಾಯದ ಕಥೆ, ಇಲ್ಲಿ ಬೇಡ. ಮಣ್ಣಿನಿಂದ ಬಂದ ಆ ಮದ್ದು ಲಕ್ಷಾಂತರ ಜನರನ್ನು ಮಣ್ಣಾಗದಂತೆ ಉಳಿಸಿತು ಎಂಬುದಂತೂ ನಿಜ.

ಆದರೆ ಅದು ಹೇಗೆ ಕೆಲಸ ಮಾಡುತ್ತದೆಂಬುದು ಬಹುಕಾಲ ಸ್ಪಷ್ಟವಾಗಿರಲಿಲ್ಲ. ಇದನ್ನು ಸ್ವಲ್ಪ ವಿವರಿಸಬೇಕು. ವಾಚಕರು ಬೇಸರಪಡಬಾರದು, ಏಕೆಂದರೆ ನಮ್ಮ ನೀತಿಯ ಪ್ರಶ್ನೆ ಅಡಗಿರುವುದು ಈ ವಿವರದಲ್ಲಿಯೇ. ನಮ್ಮ ಮೈಯ ಬಹುಪಾಲು ಕೋಶಗಳಲ್ಲಿ ಡಿಎನ್ಎ ಎಂಬ ಮೂಲಪತ್ರವಿದೆ. ಮನೆಯ ಕ್ರಯಪತ್ರವನ್ನು ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟು ಕಚೇರಿಗೆ ನಕಲು ಒಯ್ಯುವಂತೆ, ಕೋಶವೂ ಮೂಲವನ್ನು ಹೊರಗೆ ತೆಗೆಯದೆ ಅದರ ನಕಲನ್ನು ಕಳುಹಿಸುತ್ತದೆ. ಆ ನಕಲೇ ಆರ್‌ಎನ್ಎ. ನಕಲನ್ನು ಓದಿ ಅದರಂತೆ ಪ್ರೋಟೀನನ್ನು ಕಟ್ಟುವ ಯಂತ್ರ ರೈಬೋಸೋಮ್. ವಿಶೇಷವೆಂದರೆ ಓದುವ ಈ ಯಂತ್ರವೂ ಬಹುಮಟ್ಟಿಗೆ ಆರ್‌ಎನ್ಎಯಿಂದಲೇ ಆದದ್ದು. ಆರ್‌ಎನ್ಎ ಬರಿಯ ಉದ್ದನೆಯ ದಾರವಲ್ಲ. ಅದು ತನ್ನ ಮೇಲೆ ತಾನೇ ಮಡಿಸಿಕೊಂಡು, ಅಲ್ಲಲ್ಲಿ ಕುಣಿಕೆ, ಗಂಟು, ಪೊಟರೆಗಳನ್ನು ಮಾಡಿಕೊಳ್ಳುತ್ತದೆ. ಆ ಪೊಟರೆಯೊಳಕ್ಕೆ ಸರಿಯಾಗಿ ಕೂರುವ ಒಂದು ಸಣ್ಣ ಅಣು ಸಿಕ್ಕಿತೆಂದರೆ ಯಂತ್ರದ ಓದು ಕೆಡುತ್ತದೆ.

ಸ್ಟ್ರೆಪ್ಟೊಮೈಸಿನ್ ಮಾಡುವುದು ಇದನ್ನೇ. ಬ್ಯಾಕ್ಟೀರಿಯಾದ ರೈಬೋಸೋಮಿನ ಆರ್‌ಎನ್ಎಯನ್ನು ಅದು ಹಿಡಿದುಕೊಳ್ಳುತ್ತದೆ, ಯಂತ್ರ ತಪ್ಪು ತಪ್ಪಾಗಿ ಓದತೊಡಗುತ್ತದೆ, ಬ್ಯಾಕ್ಟೀರಿಯಾ ಸಾಯುತ್ತದೆ. ಅದರ ಬಂಧುಗಳಾದ ಜೆಂಟಾಮೈಸಿನ್, ಕನಾಮೈಸಿನ್, ಅಮಿಕಾಸಿನ್‌ಗಳೂ ಅಲ್ಲೇ ಅಕ್ಕಪಕ್ಕದಲ್ಲಿ ಹಿಡಿಯುತ್ತವೆ. ೧೯೮೭ರಲ್ಲಿ ಅಮೆರಿಕದಲ್ಲಿ ಮೊವಾಜೆದ್ ಮತ್ತು ನೊಲರ್ ಈ ಮದ್ದುಗಳು ಆರ್‌ಎನ್ಎಯ ಯಾವ ಜಾಗಗಳನ್ನು ಮುಟ್ಟುತ್ತವೆಂದು ಗುರುತಿಸಿದರು. ೨೦೦೦ದಲ್ಲಿ, ತಮಿಳುನಾಡಿನ ಚಿದಂಬರದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಮತ್ತು ಅವರ ಸಂಗಡಿಗರು ಮದ್ದು ಆರ್‌ಎನ್ಎಯ ಮಡಿಲಲ್ಲಿ ಕುಳಿತಿರುವ ಚಿತ್ರವನ್ನೇ ಕೊಟ್ಟರು. ಅವರಿಗೆ ೨೦೦೯ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಬಂತು. ಮದ್ದು ಹುಟ್ಟಿದ್ದು ೧೯೪೩. ಅದರ ಚಿತ್ರ ಸಿಕ್ಕಿದ್ದು ೨೦೦೦. ನಡುವಿನ ಐವತ್ತೇಳು ವರ್ಷ ನಾವು ಅದನ್ನು ಪೂರ್ತಿ ಕಾಣದೆಯೇ ಚುಚ್ಚಿಸಿಕೊಂಡೆವು. ಇದರಲ್ಲಿ ತಪ್ಪೇನೂ ಇಲ್ಲ. ಬೆಂಕಿಯ ತತ್ತ್ವ ತಿಳಿಯುವವರೆಗೂ ಅಡಿಗೆ ಮಾಡಬಾರದೆಂದರೆ ಮನುಷ್ಯ ಬದುಕುತ್ತಿರಲಿಲ್ಲ.

ಅಜ್ಞಾನದಲ್ಲಿಯೂ ನ್ಯಾಯವಾಗಿ ನಡೆದುಕೊಳ್ಳಬಹುದು ಎಂಬುದಕ್ಕೆ ಈ ಮದ್ದಿನ ಚರಿತ್ರೆಯಲ್ಲೇ ಸಾಕ್ಷಿಯಿದೆ. ಯುದ್ಧಾನಂತರ ಬ್ರಿಟನ್ನಿಗೆ ಡಾಲರಿನ ಅಭಾವ. ಅಮೆರಿಕದ ಸ್ಟ್ರೆಪ್ಟೊಮೈಸಿನ್ ಸ್ವಲ್ಪವೇ ಸಿಕ್ಕಿತು. ಎಲ್ಲ ರೋಗಿಗಳಿಗೂ ಕೊಡುವಂತಿಲ್ಲ, ಯಾರಿಗೆ ಕೊಡುವುದು? ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು ಮುಚ್ಚಿದ ಲಕೋಟೆಗಳ ಉಪಾಯ ಮಾಡಿದರು. ೧೦೭ ರೋಗಿಗಳಲ್ಲಿ ೫೫ ಮಂದಿಗೆ ಮದ್ದು, ೫೨ ಮಂದಿಗೆ ಅಂದಿನ ವಾಡಿಕೆಯಂತೆ ಹಾಸಿಗೆಯ ವಿಶ್ರಾಂತಿ. ವೈದ್ಯನ ದಾಕ್ಷಿಣ್ಯಕ್ಕಾಗಲಿ ರೋಗಿಯ ಹಣಕ್ಕಾಗಲಿ ಅಲ್ಲಿ ಎಡೆಯಿರಲಿಲ್ಲ. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ ನಾಲ್ವರು, ಎರಡನೆಯ ಗುಂಪಿನಲ್ಲಿ ಹದಿನಾಲ್ವರು ತೀರಿಕೊಂಡರು. ೧೯೪೮ರ ಅಕ್ಟೋಬರಿನಲ್ಲಿ ಆ ವರದಿ ಪ್ರಕಟವಾಯಿತು. ವಿಶ್ರಾಂತಿಯ ಗುಂಪಿನವರಿಗೆ ಇಂಥದೊಂದು ಪರೀಕ್ಷೆ ನಡೆಯುತ್ತಿದೆಯೆಂದು ತಿಳಿಸಿರಲಿಲ್ಲ. ಇಂದಾದರೆ ಅದನ್ನು ಯಾರೂ ಒಪ್ಪುವುದಿಲ್ಲ. ಆದರೂ ಚೀಟಿ ಎತ್ತುವುದರಲ್ಲಿ ಒಂದು ಧರ್ಮವಿತ್ತು. ಮದ್ದು ಯಾರಿಗೆ ಒಳಿತು ಮಾಡುತ್ತದೆ, ಯಾರಿಗೆ ಕೇಡು ಮಾಡುತ್ತದೆ ಎಂಬುದು ಯಾರಿಗೂ ತಿಳಿಯದು. ತಿಳಿಯದಿದ್ದಾಗ ಎಲ್ಲರೂ ಸಮಾನರು.

ಕೇಡು ಇತ್ತೆಂಬುದು ಮೊದಲ ರೋಗಿಗಳಿಂದಲೇ ತಿಳಿದಿತ್ತು. ಕೆಲವರಿಗೆ ತಲೆ ತಿರುಗುತ್ತಿತ್ತು, ನಡೆದರೆ ಓಲಾಡುತ್ತಿದ್ದರು. ಕೆಲವರ ಕಿವಿ ಮಂದವಾಯಿತು. ಶಬ್ದವನ್ನು ಗ್ರಹಿಸುವ ಒಳಗಿವಿಯ ಕೂದಲುಕೋಶಗಳು ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಇದನ್ನು ಅಡ್ಡಪರಿಣಾಮವೆಂದು ಕರೆದರು. ಈ ಪದವನ್ನು ನಾನು ಯಾವಾಗಲೂ ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ. ಪರಿಣಾಮ ಅಡ್ಡವಾಗಿ ಕಾಣುವುದು ದೂರದಲ್ಲಿ ನಿಂತು ಲೆಕ್ಕ ಬರೆಯುವವನಿಗೆ. ಕಿವಿ ಕಳೆದುಕೊಂಡವನಿಗೆ ಅದು ನೆಟ್ಟಗೆ ಬಂದು ತಗುಲಿದೆ.

ಪ್ರಮಾಣ ಹೆಚ್ಚಾದರೆ ಈ ಮದ್ದುಗಳು ಯಾರ ಕಿವಿಗಾದರೂ ಕೇಡು ಮಾಡಬಲ್ಲವು. 'ಅತಿಯಾದರೆ ಅಮೃತವೂ ವಿಷ' ಎಂದು ಅದನ್ನು ಅರ್ಥಮಾಡಿಕೊಳ್ಳಬಹುದು. ಆದರೆ ಕೆಲವು ಮನೆತನಗಳಲ್ಲಿ ಅತಿಯಾಗುವ ಮಾತೇ ಇರಲಿಲ್ಲ. ಅಲ್ಪ ಪ್ರಮಾಣಕ್ಕೇ, ಕೆಲವು ಸಲ ಕೆಲವೇ ಸೂಜಿಗಳಿಗೆ ಕಿವಿ ಹೋಗುತ್ತಿತ್ತು. ತಾಯಿಗೆ ಹಾಗಾಗಿದ್ದರೆ ಮಕ್ಕಳಿಗೂ ಆಗುತ್ತಿತ್ತು. ತಂದೆಯಿಂದ ಮಾತ್ರ ಅದು ಮಕ್ಕಳಿಗೆ ಬರುತ್ತಿರಲಿಲ್ಲ. ೧೯೯೩ರಲ್ಲಿ ಚೀನಾದ ಕೆಲವು ಮನೆತನಗಳನ್ನೂ ಇಸ್ರೇಲಿನ ಒಂದು ಅರಬ್ ಮನೆತನವನ್ನೂ ಪರೀಕ್ಷಿಸಿದ ವಿಜ್ಞಾನಿಗಳು ಕಾರಣವನ್ನು ಕಂಡುಹಿಡಿದರು. ಅದು ಆರ್‌ಎನ್ಎಯಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ.

ಆ ಒಂದು ಅಕ್ಷರದ ಕಥೆ ಕೇಳಿದಾಗ ನನಗೆ ಬೆರಗಾಯಿತು. ನಮ್ಮ ಕೋಶಗಳೊಳಗೆ ಮೈಟೊಕಾಂಡ್ರಿಯ ಎಂಬ ಪುಟ್ಟ ಒಲೆಗಳಿವೆ. ಮೈಗೆ ಬೇಕಾದ ಶಕ್ತಿ ಬರುವುದು ಅಲ್ಲಿಂದ. ಕೋಟ್ಯಂತರ ವರ್ಷಗಳ ಹಿಂದೆ ಅವು ಸ್ವತಂತ್ರವಾದ ಬ್ಯಾಕ್ಟೀರಿಯಾಗಳೇ ಆಗಿದ್ದು, ಬೇರೊಂದು ಕೋಶದೊಳಕ್ಕೆ ಬಂದು ಅಲ್ಲೇ ನೆಲೆಸಿ ಮನೆಯವರಾದವು. ಅವುಗಳಿಗೆ ಈಗಲೂ ತಮ್ಮದೇ ಆದ ರೈಬೋಸೋಮ್ ಇದೆ. ಅದರ ಆರ್‌ಎನ್ಎ ಹಳೆಯ ಬ್ಯಾಕ್ಟೀರಿಯಾದ್ದನ್ನು ಹೋಲುತ್ತದೆ. ಆದರೆ ಮದ್ದು ಸುಲಭವಾಗಿ ಹಿಡಿಯದಷ್ಟು ಬದಲಾಗಿದೆ. ಕೆಲವರಲ್ಲಿ ೧೫೫೫ನೆಯ ಸ್ಥಾನದ ಒಂದು ಅಕ್ಷರ ಬೇರೆಯಾಗಿದ್ದು, ಆ ಜಾಗದ ಮಡಿಕೆ ಮತ್ತೆ ಬ್ಯಾಕ್ಟೀರಿಯಾದ ಮಡಿಕೆಯಂತಾಗುತ್ತದೆ. ಮದ್ದಿಗೆ ಕಣ್ಣಿಲ್ಲ, ಪೊಟರೆಯ ಆಕಾರ ಒಂದೇ ಅದಕ್ಕೆ ಗೊತ್ತು. ಹಗೆಯ ಮುಖವನ್ನು ಹೋಲುವ ಮನೆಯವನನ್ನೂ ಅದು ಹಿಡಿದುಬಿಡುತ್ತದೆ. ಮೈಟೊಕಾಂಡ್ರಿಯ ಬರುವುದು ತಾಯಿಯ ಕಡೆಯಿಂದ ಮಾತ್ರ; ಆದ್ದರಿಂದಲೇ ಈ ಗುಣವೂ ತಾಯಿಯ ಸಾಲಿನಲ್ಲೇ ಇಳಿಯುತ್ತದೆ. ಬ್ರಿಟನ್ನಿನಲ್ಲಿ ಸುಮಾರು ೫೦೦ ಜನರಲ್ಲಿ ಒಬ್ಬರಿಗೆ ಇದು ಉಂಟೆಂದು ಲೆಕ್ಕ. ಇದ್ದವರೆಲ್ಲರೂ ಕಿವುಡರಾಗುವುದಿಲ್ಲ, ಕೆಲವರು ಮದ್ದು ಸೋಕದೆಯೂ ಆಗುತ್ತಾರೆ. ಆದರೆ ಇದ್ದವರಿಗೆ ಈ ಮದ್ದು ಚುಚ್ಚುವುದು ಅಪಾಯವೆಂಬುದರಲ್ಲಿ ಅನುಮಾನವಿಲ್ಲ.

ಇಲ್ಲಿಗೆ ವಿಜ್ಞಾನ ಮುಗಿದು ಧರ್ಮದ ಪ್ರಶ್ನೆ ಎದುರಾಗುತ್ತದೆ. ೧೯೯೩ಕ್ಕೆ ಮೊದಲು ಇಂಥ ಮಗುವಿನ ಕಿವಿ ಹೋದರೆ ಅದು ವಿಧಿ. ವೈದ್ಯರು ತಿಳಿದೂ ಮಾಡಿದ್ದಲ್ಲ. ಅನಂತರ ಹೋದರೆ? ಒಂದು ವಿಷಯ ತಿಳಿಯುವ ಮುನ್ನ ನಡೆದದ್ದು ಆಕಸ್ಮಿಕ. ತಿಳಿದ ಮೇಲೆ ನಡೆಯುವುದು ಆಯ್ಕೆ. ನಾವು ಏನನ್ನೂ ಆರಿಸಲಿಲ್ಲ, ಹಳೆಯ ಪದ್ಧತಿಯಂತೆ ನಡೆದೆವಷ್ಟೆ ಎಂದರೂ ಅದು ಆಯ್ಕೆಯೇ. ಜ್ಞಾನ ಹೆಚ್ಚಿದಂತೆ ಋಣವೂ ಹೆಚ್ಚುತ್ತದೆ. ಜ್ಞಾನದಿಂದ ಬಿಡುಗಡೆಯೆಂದು ನಮ್ಮ ಹಿರಿಯರು ಹೇಳಿದ್ದು ಬೇರೆ ಅರ್ಥದಲ್ಲಿ. ಲೋಕವ್ಯವಹಾರದಲ್ಲಂತೂ ಜ್ಞಾನದಿಂದ ಕಟ್ಟು ಬಿಗಿಯಾಗುತ್ತದೆ.

ಎದುರುಪಕ್ಷದ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹುಟ್ಟಿದ ಕೂಸಿಗೆ ರಕ್ತದಲ್ಲಿ ನಂಜೇರಿದಾಗ ಜೆಂಟಾಮೈಸಿನ್ ಕೊಡುತ್ತಾರೆ. ಅದನ್ನು ಒಂದು ಗಂಟೆಯೊಳಗೆ ಕೊಡಬೇಕೆಂದು ಬ್ರಿಟನ್ನಿನ ವೈದ್ಯರಿಗೆ ನಿಯಮ. ಅಕ್ಷರ ಪರೀಕ್ಷಿಸಿ ಫಲಿತಾಂಶ ಬರಲು ದಿನಗಳು ಬೇಕಾದರೆ ಕಿವಿ ಉಳಿಯಬಹುದು, ಕೂಸು ಉಳಿಯುವುದಿಲ್ಲ. ನಮ್ಮ ದೇಶದಲ್ಲಿ ೨೦೧೪ರಲ್ಲಿ ಸರ್ಕಾರ, ಹಳ್ಳಿಯ ಆರೋಗ್ಯ ಸಹಾಯಕಿಯೇ ಇಂಥ ಕೂಸಿಗೆ ಜೆಂಟಾಮೈಸಿನ್ ಸೂಜಿ ಹಾಕಬಹುದೆಂದು ಮಾರ್ಗದರ್ಶನ ಕೊಟ್ಟಿತು. ಆಸ್ಪತ್ರೆ ದೂರ, ಬಸ್ಸಿಲ್ಲ, ರಾತ್ರಿ. ಆ ಹೆಣ್ಣುಮಗಳ ಕೈಯಲ್ಲಿರುವುದು ಅಗ್ಗದ ಒಂದು ಸೂಜಿಮದ್ದು. ಅದು ಜೀವ ಉಳಿಸುತ್ತದೆ. ಅವಳಿಗೆ ಹೋಗಿ ೧೫೫೫ನೆಯ ಅಕ್ಷರದ ಉಪದೇಶ ಮಾಡಲು ನನಗೆ ಬಾಯಿ ಬರುವುದಿಲ್ಲ. ಜೀವಕ್ಕೂ ಕಿವಿಗೂ ನಡುವೆ ಆರಿಸಲೇಬೇಕಾದರೆ ಜೀವವನ್ನೇ ಆರಿಸಬೇಕು. ತಾಯಿಯನ್ನು ಕೇಳಿದರೆ ಅವಳೂ ಹಾಗೆಯೇ ಹೇಳುತ್ತಾಳೆಂದು ನನಗೆ ತೋರುತ್ತದೆ.

ಆದರೆ ಇಷ್ಟರಿಂದ ಲೆಕ್ಕ ಮುಗಿಯಿತೆಂದು ಹೇಳುವವರ ಜೊತೆ ನನಗೆ ಭಿನ್ನಾಭಿಪ್ರಾಯ. ಕುಲಕ್ಕಾಗಿ ಒಬ್ಬನನ್ನು ಬಿಡಬೇಕು, ಊರಿಗಾಗಿ ಕುಲವನ್ನು ಬಿಡಬೇಕು ಎಂಬ ನೀತಿ ಮಹಾಭಾರತದಲ್ಲಿ ಬರುತ್ತದೆ; ಬಹುಜನಹಿತದ ವಾದ ಮಾಡುವವರು ಅದನ್ನು ಆಗಾಗ ಉದಾಹರಿಸುವುದುಂಟು. ಆದರೆ ಅದನ್ನು ಯಾರು ಯಾರಿಗೆ ಹೇಳಿದರು ಎಂಬುದನ್ನು ನೆನೆಯಬೇಕು. ಜೂಜಿನ ಸಭೆಯಲ್ಲಿ ವಿದುರ ಧೃತರಾಷ್ಟ್ರನಿಗೆ ಹೇಳಿದ ಮಾತು ಅದು. ಬಿಡಬೇಕಾಗಿದ್ದ 'ಒಬ್ಬ' ದುರ್ಯೋಧನ. ಕುಲಕ್ಕೆ ಕೇಡು ಬರುತ್ತಿದ್ದದ್ದು ಅವನಿಂದಲೇ. ನಮ್ಮ ಕೂಸು ಯಾರಿಗೂ ಕೇಡು ಮಾಡಿಲ್ಲ. ಅದರ ತಪ್ಪೆಂದರೆ ತಾಯಿಯ ಕಡೆಯಿಂದ ಒಂದು ಅಕ್ಷರವನ್ನು ಪಡೆದದ್ದು. ಅಪರಾಧಿಯನ್ನು ಬಿಡುವುದಕ್ಕೆ ಹೇಳಿದ ನೀತಿಯನ್ನು ನಿರಪರಾಧಿಗೆ ಅನ್ವಯಿಸುವುದು ವಿದುರನಿಗೂ ಅನ್ಯಾಯ. ಅಲ್ಲದೆ ಆ ನೀತಿಯ ಕೊನೆಯ ಮೆಟ್ಟಿಲು, ಆತ್ಮಕ್ಕಾಗಿ ಭೂಮಿಯನ್ನೇ ಬಿಡಬೇಕೆಂಬುದು. ಎಣಿಕೆಯಿಂದ ಆರಂಭವಾದ ಮಾತು ಎಣಿಕೆಯನ್ನು ದಾಟಿ ಒಬ್ಬನಲ್ಲಿಯೇ ಬಂದು ನಿಲ್ಲುತ್ತದೆ. ಅದನ್ನು ಅರ್ಧಕ್ಕೆ ನಿಲ್ಲಿಸುವವರು ತಮಗೆ ಅನುಕೂಲವಾದಲ್ಲಿ ನಿಲ್ಲಿಸುತ್ತಾರೆ.

ಹಾಗಾದರೆ ಬಾಕಿ ಏನು? ಮೊದಲನೆಯದು, ಆರಿಸಲೇಬೇಕಾದ ಸ್ಥಿತಿಯನ್ನೇ ತಪ್ಪಿಸಲು ಯತ್ನಿಸುವುದು. ಜೀವವೋ ಕಿವಿಯೋ ಎಂಬ ಕಟ್ಟುನಿಟ್ಟು ದೇವರು ಹಾಕಿದ್ದಲ್ಲ. ಪರೀಕ್ಷೆ ನಿಧಾನವಾಗಿದ್ದರಿಂದ ಬಂದದ್ದು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮತ್ತು ಲಿವರ್‌ಪೂಲಿನಲ್ಲಿ ಕೂಸಿನ ಕೆನ್ನೆಯ ಒಳಗಿನಿಂದ ಹತ್ತಿಯ ಕಡ್ಡಿಯಲ್ಲಿ ಸ್ವಲ್ಪ ದ್ರವ ಒರೆಸಿ, ಹಾಸಿಗೆಯ ಪಕ್ಕದಲ್ಲಿಯೇ, ಸುಮಾರು ೨೬ ನಿಮಿಷದಲ್ಲಿ ಆ ಒಂದು ಅಕ್ಷರವನ್ನು ಓದುವ ಪುಟ್ಟ ಯಂತ್ರವನ್ನು ಬಳಸಿ ನೋಡಿದರು. ೨೦೨೨ರಲ್ಲಿ ಪ್ರಕಟವಾದ ವರದಿಯಂತೆ ೭೫೧ ಕೂಸುಗಳಲ್ಲಿ ಮೂರಕ್ಕೆ ಆ ಗುಣವಿತ್ತು. ಮೂರಕ್ಕೂ ಬೇರೆ ಮದ್ದು ಕೊಟ್ಟರು. ಮದ್ದು ತಡವಾಗಲೂ ಇಲ್ಲ. ೭೫೧ರಲ್ಲಿ ಮೂರು ಎಂದರೆ ಲೆಕ್ಕದ ಪುಸ್ತಕದಲ್ಲಿ ಬಿಟ್ಟುಬಿಡಬಹುದಾದ ಸಂಖ್ಯೆ. ಆದರೆ ಆ ಮೂರು ಮನೆಗಳಲ್ಲಿ ತಾಯಿಯ ಜೋಗುಳ ಮಗುವಿಗೆ ಕೇಳಿಸುವ ಆಸೆ ಉಳಿಯಿತು.

ಎರಡನೆಯದಕ್ಕೆ ಯಂತ್ರವೂ ಬೇಡ, ಹಣವೂ ಬೇಡ. ಸೂಜಿ ಹಾಕುವ ಮುನ್ನ, ಸಮಯವಿದ್ದಲ್ಲಿ, 'ನಿಮ್ಮ ತಾಯಿಯ ಕಡೆ ಯಾರಿಗಾದರೂ ಸೂಜಿ ಹಾಕಿಸಿಕೊಂಡ ಮೇಲೆ ಕಿವಿ ಹೋಗಿದೆಯೇನಮ್ಮ?' ಎಂದು ಒಂದು ಮಾತು ಕೇಳುವುದು. ನಮ್ಮ ದೇಶದಲ್ಲಿ ಕ್ಷಯ ಮರುಕಳಿಸಿದವರಿಗೆ ಬಹಳ ವರ್ಷ ಎರಡು ತಿಂಗಳ ಕಾಲ ಸ್ಟ್ರೆಪ್ಟೊಮೈಸಿನ್ ಸೂಜಿ ಹಾಕುತ್ತಿದ್ದರು. ಮದ್ದಿಗೆ ಬಗ್ಗದ ಕ್ಷಯಕ್ಕೆ ಕನಾಮೈಸಿನ್ ಕೊಡುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ ೨೦೧೭ರಲ್ಲಿ ಮೊದಲನೆಯ ಪದ್ಧತಿಯನ್ನೂ ೨೦೧೮ರಲ್ಲಿ ಕನಾಮೈಸಿನ್ನನ್ನೂ ಬಿಡುವಂತೆ ಹೇಳಿತು. ಬಾಯಲ್ಲಿ ನುಂಗುವ ಬೇರೆ ಮದ್ದುಗಳು ಬಂದವು. ಒಳ್ಳೆಯದೇ ಆಯಿತು. ಆದರೆ ನಮ್ಮ ಮನೆಗಳಲ್ಲಿ 'ಅಜ್ಜಿಗೆ ಜ್ವರ ಬಂದು ಕಿವಿ ಹೋಯಿತು' ಎಂದು ಹೇಳುತ್ತೇವಲ್ಲ, ಅವುಗಳಲ್ಲಿ ಕೆಲವಾದರೂ ಜ್ವರದಿಂದಲ್ಲ, ಜ್ವರದ ಮದ್ದಿನಿಂದ ಹೋದ ಕಿವಿಗಳಿರಬಹುದು. ಆ ಮಾತನ್ನು ಒಬ್ಬರು ಕೇಳಿ ಬರೆದಿಟ್ಟಿದ್ದರೆ ಮೊಮ್ಮಗುವಿಗೆ ಅದೇ ರಕ್ಷೆ.

ಮೂರನೆಯದು, ಎಚ್ಚರವಹಿಸಿಯೂ ಕಿವಿ ಹೋದವನನ್ನು ನೆನಪಿಡುವುದು. ೧೯೬೫ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಕಿವಿಯ ಪರೀಕ್ಷೆ, ಶ್ರವಣಸಾಧನ, ಮಾತಿನ ತರಬೇತಿ ಎಲ್ಲವೂ ಇವೆ. ಇವುಗಳನ್ನು ನಾವು ದಯೆಯೆಂದು ತಿಳಿಯುತ್ತೇವೆ. ಸಮಾಜದ ಮದ್ದಿನಿಂದ ಕಿವಿ ಹೋದವನಿಗೆ ಸಮಾಜ ಕೊಡುವ ಸಾಧನ ದಯೆಯಲ್ಲ, ಸಾಲದ ತೀರುವಳಿ. ಹೆಸರು ಬದಲಾದರೆ ಕೊಡುವವನ ಮುಖಭಾವವೂ ಬದಲಾಗುತ್ತದೆ.

ಈ ಮಾತಿಗೆ ಇನ್ನೊಂದು ಮಗ್ಗುಲೂ ಇದೆ. ಸ್ಟ್ರೆಪ್ಟೊಮೈಸಿನ್ ಆರ್‌ಎನ್ಎಯನ್ನು ಹಿಡಿದದ್ದು ನಮಗೆ ತಿಳಿಯದೆ. ಈಗ ತಿಳಿದೇ ಹಿಡಿಸುವ ವಿದ್ಯೆ ಬೆಳೆಯುತ್ತಿದೆ. ಬೆನ್ನುಹುರಿಯ ನರಕೋಶಗಳು ಸೊರಗಿ ಮಕ್ಕಳ ಸ್ನಾಯುಗಳು ಕುಗ್ಗುವ ಒಂದು ಆನುವಂಶಿಕ ರೋಗವಿದೆ. ಸುಮಾರು ಹತ್ತು ಸಾವಿರ ಕೂಸುಗಳಲ್ಲಿ ಒಂದಕ್ಕೆ ಬರುತ್ತದೆ. ಬೇಕಾದ ಪ್ರೋಟೀನನ್ನು ಮಾಡುವ ಮುಖ್ಯ ಜೀನ್ ಅವರಲ್ಲಿ ಕೆಟ್ಟಿರುತ್ತದೆ. ಅದರ ತಂಗಿಯಂಥ ಇನ್ನೊಂದು ಜೀನ್ ಇದ್ದರೂ, ಒಂದು ಅಕ್ಷರದ ವ್ಯತ್ಯಾಸದಿಂದ ಅದರ ಆರ್‌ಎನ್ಎ ನಕಲನ್ನು ಹೆಣೆಯುವಾಗ ಒಂದು ತುಂಡು ಬಿಟ್ಟುಹೋಗುತ್ತದೆ. ರಿಸ್ಡಿಪ್ಲಾಮ್ ಎಂಬ ಅಣು ಆ ಜಾಗದಲ್ಲಿ ಕುಳಿತು ಬಿಟ್ಟುಹೋಗುವ ತುಂಡನ್ನು ಸೇರಿಸುತ್ತದೆ. ೨೦೨೦ರಲ್ಲಿ ಅಮೆರಿಕದಲ್ಲಿ ಅದಕ್ಕೆ ಮಾನ್ಯತೆ ಸಿಕ್ಕಿತು. ದಿನಕ್ಕೊಮ್ಮೆ ಬಾಯಲ್ಲಿ ಕುಡಿಯುವ ಮದ್ದು. ಅಲ್ಲಿ ಒಂದು ಅಕ್ಷರದಿಂದ ಮದ್ದು ಕೇಡಾಯಿತು. ಇಲ್ಲಿ ಒಂದು ಅಕ್ಷರದ ಕೇಡಿಗೆ ಮದ್ದಾಯಿತು.

ಆದರೆ ನಮ್ಮ ದೇಶದಲ್ಲಿ ಅದರ ಒಂದು ಸೀಸೆಯ ಬೆಲೆ ಸುಮಾರು ಆರು ಲಕ್ಷ ರೂಪಾಯಿಯಾಗಿತ್ತು. ಇಷ್ಟೊಂದು ಹಣವನ್ನು ಕೆಲವೇ ಮಕ್ಕಳಿಗೆ ಸುರಿಯುವುದು ಸರಿಯೆ, ಆ ಹಣದಲ್ಲಿ ಸಾವಿರಾರು ಮಕ್ಕಳಿಗೆ ಲಸಿಕೆ ಹಾಕಬಹುದಲ್ಲ ಎಂದು ವಿವೇಕಿಗಳು ಕೇಳಿದರು. ನೋಡಿ, ಮತ್ತೆ ಬಹುಜನಹಿತ! ಕಿವಿಯ ಪ್ರಶ್ನೆಯಲ್ಲಿ ಕೆಲವರ ಕೇಡನ್ನು ಸಹಿಸುವುದಕ್ಕೆ ಬಂದ ವಾದವೇ ಇಲ್ಲಿ ಕೆಲವರ ಹಿತವನ್ನು ತಡೆಯುವುದಕ್ಕೂ ಬಂತು. ಆಮೇಲೆ ನಡೆದದ್ದೇನು? ಹೈದರಾಬಾದಿನ ನ್ಯಾಟ್ಕೊ ಸಂಸ್ಥೆ ಆ ಮದ್ದನ್ನು ತಯಾರಿಸದಂತೆ ತಡೆಯಾಜ್ಞೆ ಬೇಕೆಂದು ರೋಶ್ ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು. ದೆಹಲಿ ಉಚ್ಚ ನ್ಯಾಯಾಲಯ ೨೦೨೫ರಲ್ಲಿ ತಡೆಯಾಜ್ಞೆ ಕೊಡಲಿಲ್ಲ, ಸುಪ್ರೀಂ ಕೋರ್ಟು ಅದರಲ್ಲಿ ಕೈಹಾಕಲಿಲ್ಲ. ನ್ಯಾಟ್ಕೊ ತನ್ನ ಸೀಸೆಗೆ ಇಟ್ಟ ಬೆಲೆ ೧೫,೯೦೦ ರೂಪಾಯಿ. ಅದೂ ಬಡವರಿಗೆ ಹೊರೆಯೇ. ಪೇಟೆಂಟಿಲ್ಲದೆ ಹೊಸ ಮದ್ದಿಗೆ ಯಾರು ಹಣ ಹಾಕುತ್ತಾರೆಂಬ ಪ್ರಶ್ನೆಯೂ ಸಣ್ಣದಲ್ಲ. ಆದರೂ ಆರು ಲಕ್ಷಕ್ಕೂ ಹದಿನಾರು ಸಾವಿರಕ್ಕೂ ನಡುವಿನ ಅಂತರವನ್ನು ನೋಡಿದ ಮೇಲೆ, ಕೆಲವರಿಗೋ ಹಲವರಿಗೋ ಎಂಬ ಇಕ್ಕಟ್ಟನ್ನು ಪ್ರಕೃತಿ ಮಾಡಿತ್ತೋ ನಾವೇ ಮಾಡಿಕೊಂಡಿದ್ದೆವೋ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಎಣಿಕೆ ಬೇಡವೆಂದು ನಾನು ಹೇಳುವುದಿಲ್ಲ. ಎಣಿಕೆಯಿಲ್ಲದೆ ಹಿಲ್ ಅವರ ಪರೀಕ್ಷೆಯಿಲ್ಲ. ಯಾವ ಮದ್ದು ಹೆಚ್ಚು ಜೀವ ಉಳಿಸುತ್ತದೆಂದು ತಿಳಿಯುವ ಬಗೆಯೂ ಇಲ್ಲ. ಏನು ಮಾಡಬೇಕೆಂದು ನಿಶ್ಚಯಿಸುವಾಗ ಎಣಿಸಲೇಬೇಕು. ಮಾಡಿಯಾದ ಮೇಲೆ, ಎಣಿಕೆಯಲ್ಲಿ ಸೋತವನ ಮುಂದೆ ನಿಂತಾಗ, ಆ ಎಣಿಕೆಯನ್ನು ಗುರಾಣಿಯಾಗಿ ಹಿಡಿಯಬಾರದು. ಅಲ್ಲಿ ಹೇಳಬೇಕಾದದ್ದು, 'ನಮಗೆ ಒಳ್ಳೆಯದಾಯಿತು, ಅದರ ಬೆಲೆಯನ್ನು ನೀನು ತೆತ್ತೆ; ಇನ್ನು ಮುಂದೆ ನಿನ್ನಂಥವನು ಯಾರೆಂದು ಮೊದಲೇ ತಿಳಿಯಲು ಯತ್ನಿಸುತ್ತೇವೆ; ನಿನ್ನ ಪಾಲಿನದನ್ನು ತೀರಿಸುತ್ತೇವೆ' ಎಂಬುದು. ಬಹುಜನರು ಯಾರು? ಒಬ್ಬೊಬ್ಬರೇ ಸೇರಿ ಆದವರು. ಇಂದು ಹತ್ತರೊಡನೆ ಹನ್ನೊಂದಾಗಿ ನಿಂತಿರುವ ನನ್ನ ಮೈಯೊಳಗೆ, ಇನ್ನೂ ಕಂಡುಹಿಡಿಯದ ಯಾವುದೋ ಮದ್ದಿಗೆ ಹಗೆಯಂತೆ ಕಾಣುವ ಅಕ್ಷರ ಯಾವುದಿದೆಯೋ ಯಾರು ಬಲ್ಲರು? ಅದು ತಿಳಿಯುವ ದಿನ ನನ್ನನ್ನು ಒಂದು ಸಂಖ್ಯೆಯಾಗಿ ನೋಡಬಾರದೆಂದು ನಾನು ಬಯಸುವುದಾದರೆ, ಇಂದು ಆ ಮೂರು ಕೂಸುಗಳನ್ನೂ ಹಾಗೆ ನೋಡಕೂಡದು.